ಹಳೆಯ ಮೋಟಾರ್‌ಹೋಮ್ ಕೊಳ್ಳುವಾಗ ಯಾವ ಡೀಸೆಲ್ ಇಂಜಿನ್? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

"ಒಂದು ಟ್ರಾವೆಲರ್ ಕ್ಯಾಂಪರ್ ಮಾರಾಟಕ್ಕಿದೆ, ಇಂಜಿನ್ ಯಾವುದಿದ್ದರೆ ಒಳ್ಳೇದು?" ಈಗೀಗ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಕ್ಯಾಂಪರ್ ಅಂದರೂ ಮೋಟಾರ್‌ಹೋಮ್ ಅಂದರೂ ಒಂದೇ, ಒಳಗೇ ಮಲಗಿ ಅಡುಗೆ ಮಾಡಿಕೊಂಡು ಸುತ್ತುವ ಗಾಡಿ. ಟ್ರಾವೆಲರ್ ಅನ್ನುವುದು ಫೋರ್ಸ್ ಕಂಪನಿಯ ವ್ಯಾನು. ಕೇಳುವವರಲ್ಲಿ ನಿವೃತ್ತರಾದ ಮೇಷ್ಟ್ರು ಇದ್ದಾರೆ, ಅಂಗಡಿ ಮಕ್ಕಳಿಗೆ ಬಿಟ್ಟುಕೊಟ್ಟು ಊರೂರು ಸುತ್ತಬೇಕು ಅನ್ನುವವರಿದ್ದಾರೆ, ಮನೆಯಿಂದಲೇ ಕೆಲಸ ಮಾಡುವ ಹುಡುಗರೂ ಇದ್ದಾರೆ. ಎಲ್ಲರೂ ಒಳಗಿನ ಹಾಸಿಗೆ, ಅಡುಗೆ ಕಟ್ಟೆ, ಸೋಲಾರ್ ನೋಡಿ ಮರುಳಾಗಿರುತ್ತಾರೆ. ಇಂಜಿನ್ ವಿಷಯ ಕೊನೆಗೆ ನೆನಪಾಗುತ್ತದೆ. ಹಾಸಿಗೆ, ಕಟ್ಟೆಯನ್ನು ಯಾವ ಬಡಿಗೇರನಾದರೂ ಮತ್ತೆ ಮಾಡಿಕೊಡುತ್ತಾನೆ. ಇಂಜಿನ್ ತಪ್ಪಾದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಅದಕ್ಕೇ ಇಂಜಿನ್ನಿಂದಲೇ ಶುರು ಮಾಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಎಚ್‌ಪಿ ಅನ್ನುವುದು ಇಲ್ಲಿ ಮುಖ್ಯವಲ್ಲ. ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಎಲ್ಲಿ ಓಡಿಸುತ್ತೀರಿ, ಕೆಟ್ಟರೆ ನಿಮ್ಮೂರಿನ ಫಿಟರ್ ಅದನ್ನು ಬಿಚ್ಚಿ ಸರಿಮಾಡಬಲ್ಲನೇ, ಈ ಮೂರರ ಮೇಲೆ ಆಯ್ಕೆ ನಿಲ್ಲಬೇಕು.

ಗಾಡಿ ನೋಡಲು ಹೋಗುವಾಗ ಇವು ಜೊತೆಗಿರಲಿ: ಟಾರ್ಚ್, ಹಳೆ ಬಟ್ಟೆ, ಒಂದು ಬಿಳಿ ಕಾಗದ, ಆರ್‌ಸಿ ವಿವರ ನೋಡಲು ಎಂಪರಿವಾಹನ್ ಆ್ಯಪ್ ಇರುವ ಫೋನು, ಮತ್ತು ನಿಮಗೆ ನಂಬಿಕೆಯಿರುವ ಡೀಸೆಲ್ ಫಿಟರ್. ಕಾರಿನ ಮೆಕ್ಯಾನಿಕ್ ಸಾಲದು. ಟ್ರಾವೆಲರ್, ಟಾಟಾ 407 ಬಿಚ್ಚಿದ ಕೈ ಬೇಕು. ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಈ ಖರ್ಚಿನಲ್ಲಿ ಜಿಪುಣತನ ಬೇಡ.

1. ನಿಮ್ಮ ಓಡಾಟವನ್ನು ಕಾಗದದ ಮೇಲೆ ಬರೆಯಿರಿ

ವರ್ಷಕ್ಕೆ ಎಷ್ಟು ಕಿಲೋಮೀಟರ್? ಒಂದು ಸಲ ಹೊರಟರೆ ಎಷ್ಟು ದೂರ? ಗಾಡಿ ಎಷ್ಟು ತಿಂಗಳು ಸುಮ್ನೆ ನಿಲ್ಲುತ್ತದೆ? ಈ ಮೂರಕ್ಕೆ ಪ್ರಾಮಾಣಿಕವಾಗಿ ಉತ್ತರ ಬರೆದುಕೊಳ್ಳಿ.

ದಸರಾ ರಜೆಗೆ ಹಂಪಿ, ಡಿಸೆಂಬರಿನಲ್ಲಿ ಗೋಕರ್ಣ, ಬೇಸಿಗೆಯಲ್ಲಿ ಒಂದು ದೊಡ್ಡ ಪ್ರವಾಸ, ಉಳಿದಂತೆ ಶೆಡ್ಡಿನಲ್ಲಿ ಎನ್ನುವವರ ಇಂಜಿನ್ ಒಂದು. ಪ್ರತಿ ತಿಂಗಳು ಹೆದ್ದಾರಿಯಲ್ಲಿ ಸಾವಿರ ಕಿಲೋಮೀಟರ್ ಹೋಗುವವರ ಇಂಜಿನ್ ಬೇರೆ. ಕಾರಣ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಮೈಲೇಜಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡಿ. ವರ್ಷಕ್ಕೆ 8,000 ಕಿ.ಮೀ. ಓಡಿಸುತ್ತೀರಿ ಎಂದುಕೊಳ್ಳಿ. ಒಂದು ಗಾಡಿ ಲೀಟರಿಗೆ 9 ಕಿ.ಮೀ., ಇನ್ನೊಂದು 11 ಕಿ.ಮೀ. ಕೊಡುತ್ತದೆ. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷದ ವ್ಯತ್ಯಾಸ ಸುಮಾರು 14,500 ರೂಪಾಯಿ. ಹೊಸ ಮಾದರಿಯ ಇಂಜೆಕ್ಟರ್ (ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಭಾಗ) ನಾಲ್ಕೂ ಬದಲಿಸುವ ಒಂದೇ ಬಿಲ್ಲು ಇದನ್ನು ಸುಲಭವಾಗಿ ದಾಟುತ್ತದೆ. ಮಾರುವವರು ಮೈಲೇಜ್ ಬಗ್ಗೆ ಜಾಸ್ತಿ ಮಾತಾಡಿದರೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗಿ.

2. ಇಂಜಿನ್ ನೋಡುವ ಮೊದಲು ಆರ್‌ಸಿ ನೋಡಿ

ಆರ್‌ಸಿ ಎಂದರೆ ನೋಂದಣಿ ಪತ್ರ. ಅದರಲ್ಲಿ ಐದು ಸಂಗತಿ ಹುಡುಕಿ.

ಮೊದಲನೆಯದು ತಯಾರಾದ ತಿಂಗಳು ಮತ್ತು ವರ್ಷ. ಹೊಗೆಯ ಮಾನದಂಡಕ್ಕೆ ನಮ್ಮಲ್ಲಿ ಬಿಎಸ್ ಎನ್ನುತ್ತಾರೆ, ಭಾರತ್ ಸ್ಟೇಜ್. ದೇಶದ ತುಂಬ ಬಿಎಸ್3 ಬಂದದ್ದು 2010ರಲ್ಲಿ, ಬಿಎಸ್4 2017ರ ಏಪ್ರಿಲ್ 1ರಿಂದ, ಬಿಎಸ್6 2020ರ ಏಪ್ರಿಲ್ 1ರಿಂದ. 2023ರ ಏಪ್ರಿಲ್‌ನಿಂದ ಬಿಎಸ್6ರ ಎರಡನೇ ಹಂತ ಶುರುವಾಯಿತು. 2017 ಮತ್ತು 2020ರ ಗಡಿಯಲ್ಲಿರುವ ಗಾಡಿಗಳ ಬಗ್ಗೆ ಎಚ್ಚರ. "2020ರ ಮಾಡೆಲ್" ಎಂದ ಕೂಡಲೇ ಬಿಎಸ್6 ಎಂದು ತಿಳಿಯಬೇಡಿ. ಆರ್‌ಸಿಯಲ್ಲಿ ಮಾನದಂಡ ಬರೆದಿರುತ್ತದೆ, ಅದನ್ನೇ ಓದಿ.

ಎರಡನೆಯದು ಇಂಜಿನ್ ನಂಬರ್. ಹಳೆಯ ಟ್ರಾವೆಲರ್‌ಗಳಲ್ಲಿ ಇಂಜಿನ್ ಬದಲಿಸಿರುವುದು ಅಪರೂಪವಲ್ಲ. ಬ್ಲಾಕಿನ ಮೇಲೆ ಕೆತ್ತಿದ ನಂಬರನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು, ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ತಾಳೆಯಾಗದಿದ್ದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆ ಆರ್‌ಟಿಒ ದಾಖಲೆಗೆ ಬರಬೇಕು. ಬಾರದಿದ್ದರೆ ಅಪಘಾತವಾದಾಗ ವಿಮೆಯವರ ಮುಂದೆ ನೀವು ನಿಂತುಕೊಳ್ಳಬೇಕಾಗುತ್ತದೆ.

ಮೂರನೆಯದು ವಾಹನದ ವರ್ಗ. ಕ್ಯಾಂಪರ್ ವ್ಯಾನ್ ಅಥವಾ ಮೋಟಾರ್ ಕ್ಯಾರವಾನ್ ಎಂದು ನಮೂದಾಗಿದೆಯೇ? ಒಳಗೆ ಹಾಸಿಗೆ, ಒಲೆ ಇದ್ದು ಆರ್‌ಸಿಯಲ್ಲಿ ಇನ್ನೂ "ಮ್ಯಾಕ್ಸಿ ಕ್ಯಾಬ್", "ಸ್ಕೂಲ್ ಬಸ್" ಅಥವಾ "ಆಂಬ್ಯುಲೆನ್ಸ್" ಎಂದಿದ್ದರೆ ಮಾರ್ಪಾಡು ದಾಖಲಾಗಿಲ್ಲ ಎಂದರ್ಥ. ಅದನ್ನು ಸರಿಪಡಿಸುವ ಹೊಣೆ ಮಾರುವವರದೇ ಆಗಲಿ. "ಆಮೇಲೆ ಮಾಡಿಸಿಕೊಳ್ಳಬಹುದು ಬಿಡ್ರಿ" ಎನ್ನುವ ಮಾತಿಗೆ ಮುಂಗಡ ಕೊಡಬೇಡಿ.

ನಾಲ್ಕನೆಯದು ಬೋರ್ಡು, ಅಂದರೆ ಖಾಸಗಿಯೋ ವಾಣಿಜ್ಯವೋ. ಹಳದಿ ಬೋರ್ಡಾದರೆ ಎಫ್‌ಸಿ ಬೇಕು. ಎಫ್‌ಸಿ ಎಂದರೆ ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2011, 2012ರ ಗಾಡಿ ಅಗ್ಗಕ್ಕೆ ಸಿಗುವುದು ಇದೇ ಕಾರಣಕ್ಕೆ. ನವೀಕರಣದ ಖರ್ಚು, ಹಸಿರು ತೆರಿಗೆ ಎಲ್ಲ ಸೇರಿಸಿದಾಗ ಅದು ನಿಜವಾಗಿ ಅಗ್ಗವೋ ಅಲ್ಲವೋ ಗೊತ್ತಾಗುತ್ತದೆ.

ಐದನೆಯದು ಒಟ್ಟು ತೂಕ, ಜಿವಿಡಬ್ಲ್ಯೂ. ಜನ, ಸಾಮಾನು, ನೀರು, ಡೀಸೆಲ್ ಎಲ್ಲ ಸೇರಿ ಗಾಡಿ ಇಷ್ಟಕ್ಕಿಂತ ಭಾರ ಇರಬಾರದು ಎನ್ನುವ ಮಿತಿ ಅದು. ಬರೆದಿಟ್ಟುಕೊಳ್ಳಿ, ಎಂಟನೇ ಹಂತದಲ್ಲಿ ಬೇಕು. ಅಂದಹಾಗೆ, ಜಿವಿಡಬ್ಲ್ಯೂ 7,500 ಕೆಜಿ ಒಳಗಿದ್ದರೆ ನಿಮ್ಮ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನದ ಲೈಸೆನ್ಸ್ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ.

3. ಮೂರು ಬಗೆಯ ಡೀಸೆಲ್, ಮೂರು ಬಗೆಯ ಸ್ವಭಾವ

ಇದೇ ಈ ಬರಹದ ಹೊಟ್ಟೆ. ನಿಧಾನವಾಗಿ ಓದಿ.

*ಪಂಪ್ ಗಾಡಿ.* ಹಳೆಯ ಟೆಂಪೊ ಟ್ರಾವೆಲರ್‌ಗಳದ್ದು ಇದೇ ಜಾತಿ. ಆಗಿನ ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್‌ನ ಒಎಂ616 ಇಂಜಿನ್ನನ್ನು ಪರವಾನಗಿ ಪಡೆದು ಇಲ್ಲಿ ಮಾಡುತ್ತಿತ್ತು. ಅದೇ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಈ ಇಂಜಿನ್ನಿನಲ್ಲಿ ಡೀಸೆಲನ್ನು ಒತ್ತುವುದು ಮೆಕ್ಯಾನಿಕಲ್ ಪಂಪ್, ಸಿಂಪಡಿಸುವುದು ನಾಝಲ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸದ್ದು ಜಾಸ್ತಿ, ಹೊಗೆ ಜಾಸ್ತಿ, ಎಳೆತ ನಿಧಾನ. ಆದರೆ ರಾತ್ರಿ ಹನ್ನೊಂದಕ್ಕೆ ರೋಣದ ಹತ್ತಿರ ನಿಂತರೂ ಒಬ್ಬ ಟ್ರ್ಯಾಕ್ಟರ್ ಫಿಟರ್ ಬಂದು ಏರ್ ತೆಗೆದು ಓಡುವ ಹಾಗೆ ಮಾಡುತ್ತಾನೆ. "ಏರ್ ತಗೊಂಡಿದೆ" ಎಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆ ಎಂದರ್ಥ.

*ಬಿಎಸ್4 ಕಾಮನ್ ರೈಲ್.* ಇಲ್ಲಿ ಎಲ್ಲ ಸಿಲಿಂಡರಿಗೂ ಸೇರಿ ಒಂದೇ ದಪ್ಪ ಕೊಳವೆ ಇರುತ್ತದೆ. ಅದೇ ರೈಲ್. ಅದರೊಳಗೆ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ನಿಂತಿರುತ್ತದೆ. ನಿಮ್ಮ ಗಾಡಿಯ ಟೈರಿನ ಒತ್ತಡ ನಾಲ್ಕು ಬಾರ್ ಆಸುಪಾಸು, ಹೋಲಿಸಿ ನೋಡಿ. ಯಾವಾಗ, ಎಷ್ಟು ಸಿಂಪಡಿಸಬೇಕು ಎನ್ನುವುದನ್ನು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್ ಹೇಳುತ್ತದೆ. ಎಳೆತ ಚೆನ್ನ, ಸದ್ದು ಕಡಿಮೆ, ಹೊಗೆ ಕಡಿಮೆ. ದೋಷ ಒಂದೇ: ಕೊಳಕು ಡೀಸೆಲ್ ಸಹಿಸುವುದಿಲ್ಲ. ಒಂದಿಷ್ಟು ನೀರು, ಕಸ ಸೇರಿದರೆ ಇಂಜೆಕ್ಟರ್ ಹೋಯಿತು. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಇರುತ್ತದೆ. ಅದು ಮಸಿ ಹಿಡಿಯುತ್ತದೆ, ಆದರೆ ಬಿಚ್ಚಿ ತೊಳೆಯಬಹುದು.

*ಬಿಎಸ್6.* ಕಾಮನ್ ರೈಲ್ ಜೊತೆಗೆ ಸೈಲೆನ್ಸರ್ ದಾರಿಯಲ್ಲಿ ಒಂದು ಇಡೀ ಸಂಸಾರ. ಮುಖ್ಯವಾದದ್ದು ಡಿಪಿಎಫ್, ಮಸಿ ಹಿಡಿದಿಡುವ ಜರಡಿ. ಜರಡಿ ತುಂಬಿದಾಗ ಇಂಜಿನ್ ತಾನಾಗಿ ಅದನ್ನು ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಇದು ನಡೆಯಬೇಕಾದರೆ ಗಾಡಿ ಹೆದ್ದಾರಿಯ ವೇಗದಲ್ಲಿ ಇಪ್ಪತ್ತು-ಮೂವತ್ತು ನಿಮಿಷ ಓಡಬೇಕು. ಧಾರವಾಡ ಬಿಟ್ಟು ಹಾವೇರಿವರೆಗೆ ಹೋದರೆ ಧಾರಾಳವಾಗಿ ಸಾಕು. ಗೋಕುಲ ರೋಡಿನಿಂದ ಉಣಕಲ್ ಕೆರೆಗೆ ಹೋಗಿ ಬಂದರೆ ಸಾಲದು. ಎಸಿಗೋಸ್ಕರ ನಿಂತಲ್ಲೇ ಇಂಜಿನ್ ಓಡಿಸುವ ಅಭ್ಯಾಸವಂತೂ ಜರಡಿಗೆ ವೈರಿ.

ಕೆಲವು ಬಿಎಸ್6 ಗಾಡಿಗಳಿಗೆ ಹೊಗೆಯ ವಿಷ ಕಡಿಮೆ ಮಾಡುವ ಡೆಫ್ ದ್ರವವೂ ಬೇಕು. ಡೀಸೆಲ್ ಮುಚ್ಚಳದ ಹತ್ತಿರ ಇನ್ನೊಂದು ನೀಲಿ ಮುಚ್ಚಳ ಇದೆಯೇ ನೋಡಿ. ಇದ್ದರೆ ಡೆಫ್ ಗಾಡಿ. ಡ್ರೈವರುಗಳು ಇದನ್ನು "ಯೂರಿಯಾ" ಎಂದೇ ಕರೆಯುತ್ತಾರೆ. ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ದಯವಿಟ್ಟು ಕೇಳಿ: ಹೊಲಕ್ಕೆ ಹಾಕುವ ಯೂರಿಯಾವನ್ನು ಬಕೆಟ್ಟಿನಲ್ಲಿ ಕಲಸಿ ಇದಕ್ಕೆ ಹಾಕಬೇಡಿ. ಇಡೀ ವ್ಯವಸ್ಥೆ ಗಟ್ಟಿಯಾಗಿ ಕೂರುತ್ತದೆ. ಹಿಂದಿನ ಮಾಲೀಕರು ಹಾಗೆ ಮಾಡಿದ್ದರೆ ಮುಚ್ಚಳದ ಸುತ್ತ ಬಿಳಿ ಹರಳು ದಪ್ಪಗೆ ಕಟ್ಟಿರಬಹುದು. ನೋಡಿದರೆ ಕಾರಣ ಕೇಳಿ.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗಾಗಿಯೇ. ರೀಜನರೇಷನ್ ಹೊತ್ತಿನಲ್ಲಿ ಜರಡಿಯ ಒಳಗೆ 600 ಡಿಗ್ರಿ ಸುತ್ತಮುತ್ತ ಕಾವು ಇರುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ, ಕಣಕಿ ಬಣವೆಯ ಪಕ್ಕ, ಒಣ ಹುಲ್ಲಿನ ಮೇಲೆ ಗಾಡಿಯನ್ನು ತಂದು ನಿಲ್ಲಿಸಬೇಡಿ. ಬರಿ ನೆಲ ನೋಡಿ ನಿಲ್ಲಿಸಿ.

*ಕಣ್ಣಿನಲ್ಲೇ ಗುರುತಿಸುವುದು ಹೇಗೆ?* ಬಾನೆಟ್ ಎತ್ತಿ. ಪಂಪಿನಿಂದ ನಾಲ್ಕು ಉಕ್ಕಿನ ಪೈಪು ಬೇರೆ ಬೇರೆಯಾಗಿ ಒಂದೊಂದು ನಾಝಲ್‌ಗೆ ಹೋಗಿದ್ದರೆ, ನಾಝಲ್ ತಲೆಗೆ ವೈರ್ ಇಲ್ಲದಿದ್ದರೆ, ಅದು ಪಂಪ್ ಗಾಡಿ. ನಾಲ್ಕು ಪೈಪೂ ಒಂದೇ ದಪ್ಪ ಕೊಳವೆಯಿಂದ ಹೊರಟು, ಪ್ರತಿ ಇಂಜೆಕ್ಟರ್ ತಲೆಗೆ ವೈರಿನ ಸಾಕೆಟ್ ಕೂತಿದ್ದರೆ ಕಾಮನ್ ರೈಲ್. ಬಿಎಸ್3 ಗಾಡಿಗಳಲ್ಲೂ ಕೆಲವು ಕಾಮನ್ ರೈಲ್ ಇವೆ, ಟಾಟಾದ 2.2 ಡೈಕಾರ್ ಅಂಥದ್ದು. ಹಾಗಾಗಿ ವರ್ಷ ನೋಡಿ ಊಹಿಸಬೇಡಿ, ಬಾನೆಟ್ ಎತ್ತಿ ನೋಡಿ.

ನನ್ನನ್ನು ಕೇಳಿದರೆ: ವರ್ಷಕ್ಕೆ ಐದಾರು ಸಲ ಹೊರಟು, ಉಳಿದ ಕಾಲ ನಿಲ್ಲಿಸುವವರಿಗೆ 2017ರಿಂದ 2020ರ ನಡುವಿನ ಬಿಎಸ್4 ಕಾಮನ್ ರೈಲ್ ಸರಿಯಾದ ಆಯ್ಕೆ. ಈ ವರ್ಗದ ಹೆಚ್ಚಿನ ಬಿಎಸ್4 ಗಾಡಿಗಳಿಗೆ ಡಿಪಿಎಫ್ ಇಲ್ಲ, ಬಿಡಿಭಾಗ ಸಿಗುತ್ತವೆ, ನೋಂದಣಿಯ ವರ್ಷಗಳೂ ಉಳಿದಿವೆ. ಹತ್ತು ವರ್ಷ ಇಟ್ಟುಕೊಂಡು ದೂರ ದೂರ ಓಡಿಸುವವರು ಬಿಎಸ್6ಗೇ ಹೋಗಿ. ಉತ್ತರ ಭಾರತಕ್ಕೆ ಹೋಗುವ ಆಸೆ ಇದ್ದವರಿಗಂತೂ ಇದು ಮುಖ್ಯ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ದೆಹಲಿ ಸುತ್ತಮುತ್ತ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೂ ಅಲ್ಲಿ ನಿಯಮ ಬದಲಾಗುತ್ತಲೇ ಇದೆ. ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಪಂಪ್ ಗಾಡಿಯನ್ನು ಯಾರಿಗೆ ಹೇಳಲಿ? ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವ, ಕರ್ನಾಟಕ ಬಿಟ್ಟು ಜಾಸ್ತಿ ಹೋಗದ, ನಿಧಾನ ಓಡಿಸುವವರಿಗೆ ಮಾತ್ರ.

4. ಇಂಜಿನ್ ಯಾವ ಗಾಡಿಯಲ್ಲಿ ಕೂತಿದೆ?

ಒಂದೇ ಶಕ್ತಿಯ ಇಂಜಿನ್ ಎರಡು ಗಾಡಿಯಲ್ಲಿ ಎರಡು ರೀತಿ ನಡೆದುಕೊಳ್ಳುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಹಳೆಯ ಕ್ಯಾಂಪರ್‌ಗಳು ಹೆಚ್ಚಾಗಿ ಟ್ರಾವೆಲರ್ ಮೇಲೋ ವಿಂಗರ್ ಮೇಲೋ ಕಟ್ಟಿದವು.

ಫೋರ್ಸ್ ಟ್ರಾವೆಲರ್ ಬಿಎಸ್6 ಇಂಜಿನ್ 2,596 ಸಿಸಿ, 115 ಎಚ್‌ಪಿ, 350 ಎನ್‌ಎಂ ಟಾರ್ಕ್. ಟಾರ್ಕ್ ಎಂದರೆ ಎಳೆಯುವ ಬಲ, ನಮ್ಮ ಮಾತಿನಲ್ಲಿ ಎತ್ತಿನ ಹೆಗಲು. ಟಾಟಾ ವಿಂಗರ್ ಬಿಎಸ್6ರದ್ದು 2.2 ಲೀಟರ್, ಸುಮಾರು 100 ಎಚ್‌ಪಿ, 200 ಎನ್‌ಎಂ. ಎಚ್‌ಪಿ ನೋಡಿದರೆ ಎರಡೂ ಹತ್ತಿರ ಹತ್ತಿರ. ಟಾರ್ಕ್ ನೋಡಿ, ಎಷ್ಟು ದೂರ! ಹಾಸಿಗೆ, ನೀರು, ಬ್ಯಾಟರಿ ಹೊತ್ತ ಗಾಡಿ ಘಟ್ಟ ಹತ್ತುವಾಗ ಲೆಕ್ಕಕ್ಕೆ ಬರುವುದು ಈ ಎರಡನೇ ಅಂಕಿ.

ಇನ್ನೊಂದು ಭೇದ ಇದಕ್ಕಿಂತ ಮುಖ್ಯ. ಟ್ರಾವೆಲರ್‌ನಲ್ಲಿ ಹಿಂದಿನ ಚಕ್ರ ತಳ್ಳುತ್ತವೆ. ವಿಂಗರ್‌ನಲ್ಲಿ ಮುಂದಿನ ಚಕ್ರ ಎಳೆಯುತ್ತವೆ. ಕ್ಯಾಂಪರ್‌ನಲ್ಲಿ ಭಾರವೆಲ್ಲ ಹಿಂದೆ. ನವಲಗುಂದ, ನರಗುಂದ, ಗದಗ ಕಡೆಯ ಎರೆ ಮಣ್ಣು ಒಂದು ಮಳೆ ಬಿದ್ದರೆ ಹೇಗಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ, ಅಲ್ವಾ? ಹಿಂದೆ ಭಾರ, ಮುಂದೆ ಎಳೆತ ಇರುವ ಗಾಡಿಯ ಮುಂಚಕ್ರ ಅಲ್ಲಿ ಸುಮ್ನೆ ತಿರುಗುತ್ತದೆ. ಹೊಲದ ದಾರಿಯಲ್ಲಿ ಗಾಡಿ ಇಳಿಸುವ ಆಸೆ ಇದ್ದರೆ ಟ್ರಾವೆಲರ್ ನೋಡಿ. ಬರೀ ಡಾಂಬರು ರಸ್ತೆ, ಪೇಟೆ, ಹೆದ್ದಾರಿ ಎನ್ನುವವರಿಗೆ ವಿಂಗರ್ ಹಗುರ, ನೆಲ ತಗ್ಗು, ವಯಸ್ಸಾದವರು ಹತ್ತಿ ಇಳಿಯಲು ಅನುಕೂಲ. ಎರಡೂ ಎರೆ ಮಣ್ಣಿನಲ್ಲಿ ಹೂತುಹೋಗಬಲ್ಲವು. ಮಳೆಗಾಲದಲ್ಲಿ ಹೊಲಕ್ಕೆ ಇಳಿಸಲೇಬೇಡಿ.

ಟಾಟಾ 407 ಮೇಲೆ ಕಟ್ಟಿದವೂ ಸಿಗುತ್ತವೆ. ಇಂಜಿನ್ 2,956 ಸಿಸಿ, ಗಟ್ಟಿಮುಟ್ಟು, ಇದನ್ನು ಬಿಚ್ಚದ ಗ್ಯಾರೇಜ್ ನಮ್ಮ ಜಿಲ್ಲೆಗಳಲ್ಲಿ ಕಡಿಮೆ. ಓಡಿಸಿದಾಗ ಲಾರಿಯ ಅನುಭವವೇ.

"ಬೊಲೆರೊ ಕ್ಯಾಂಪರ್" ಎನ್ನುವ ಜಾಹೀರಾತು ನೋಡಿ ಮೋಸ ಹೋಗಬೇಡಿ. ಅದು ಡಬಲ್ ಕ್ಯಾಬಿನ್ ಪಿಕಪ್‌ನ ಹೆಸರು. ಒಳಗೆ ಹಾಸಿಗೆಯೂ ಇಲ್ಲ, ಒಲೆಯೂ ಇಲ್ಲ.

5. ಗಾಡಿಯ ಹಿಂದಿನ ಜನ್ಮ ಕೇಳಿ

ಕ್ಯಾಂಪರ್ ಆಗುವ ಮೊದಲು ಅದು ಏನಾಗಿತ್ತು? ಶಾಲಾ ಗಾಡಿಯಾಗಿದ್ದರೆ ಕಿಲೋಮೀಟರ್ ಕಡಿಮೆ, ಆದರೆ ದಿನಕ್ಕೆ ನಲವತ್ತು ಸಲ ನಿಂತು ಹೊರಟಿದೆ. ಕ್ಲಚ್ ಮತ್ತು ಬ್ರೇಕ್ ನೋಡಿ. ಆಂಬ್ಯುಲೆನ್ಸ್ ಆಗಿದ್ದರೆ ತಣ್ಣಗಿನ ಇಂಜಿನ್ನನ್ನೇ ಒಮ್ಮೆಗೆ ಜೋರಾಗಿ ಓಡಿಸಿರುತ್ತಾರೆ, ಗಂಟೆಗಟ್ಟಲೆ ನಿಂತಲ್ಲೇ ಚಾಲೂ ಇಟ್ಟಿರುತ್ತಾರೆ. ಆ ಗಂಟೆಗಳನ್ನು ಮೀಟರ್ ಲೆಕ್ಕ ಹಿಡಿಯುವುದಿಲ್ಲ. ಟೂರಿಸ್ಟ್ ಗಾಡಿಯ ಮೀಟರ್ ಮೂರು ಲಕ್ಷ ತೋರಿಸಬಹುದು. ಅದನ್ನು ನೋಡಿ ಜನ ಓಡಿಹೋಗುತ್ತಾರೆ. ನಾನು ಓಡಿಹೋಗುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ಸಮ ಓಡಿದ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಮೂರು ಲಕ್ಷದ ಇಂಜಿನ್, ಬಿಲ್ಲೇ ಇಲ್ಲದ ಒಂದು ಲಕ್ಷದ ಇಂಜಿನ್ನಿಗಿಂತ ಮೇಲು. ಸರ್ವಿಸ್ ಬಿಲ್ ಕೇಳಿ. ಬಿಲ್ಲಿನಲ್ಲಿರುವ ಕಿಲೋಮೀಟರ್ ದಿನಾಂಕಕ್ಕೆ ತಕ್ಕಂತೆ ಏರುತ್ತಾ ಬಂದಿದೆಯೇ ನೋಡಿ.

6. ತಣ್ಣಗಿನ ಇಂಜಿನ್ ಚಾಲೂ ಮಾಡಿಸಿ

ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನವಿಲ್ಲ.

ಬೆಳಿಗ್ಗೆ ಬೇಗ ಹೋಗಿ. "ನಾವು ಬಂದ ಮೇಲೇ ಚಾಲೂ ಮಾಡಿ" ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ರೇಡಿಯೇಟರಿನ ಮೇಲಿನ ರಬ್ಬರ್ ಪೈಪ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿ ಕಾಯಿಸಿದ್ದಾರೆ. ನಾನು ನೋಡಿದ ಮೊದಲ ಗಾಡಿಯಲ್ಲಿ ಹೀಗೇ ಆಗಿತ್ತು. ಒಂದೇ ಸೆಲ್ಫಿಗೆ ಚಾಲೂ ಆಯಿತು, ನಾನು ಖುಷಿಪಟ್ಟೆ. ಜೊತೆಗಿದ್ದ ಫಿಟರ್ ಪೈಪ್ ಹಿಡಿದು, "ಸರ, ಇದು ಆಗಲೇ ಚಾ ಕುಡಿದು ಕುಂತೈತ್ರಿ, ನಾಳೆ ಬರೂಣು" ಅಂದ. ಮರುದಿನ ಹೇಳದೆ ಹೋದೆವು. ಏಳು ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಉಗುಳುತ್ತಾ ಎದ್ದಿತು.

ಚಾಲೂ ಮಾಡುವ ಮೊದಲು ಮೂರು ಕೆಲಸ.

ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಡೀಸೆಲ್ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ಡು ಮತ್ತು ಬ್ಲಾಕಿನ ನಡುವೆ ಸೋರದಂತೆ ಇಡುವ ಪದರ) ಹೋಗಿರುವ ಅನುಮಾನ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಲೋಹದ ಪುಡಿ ಮಿನುಗಿದರೆ ಅಲ್ಲಿಗೇ ನಮಸ್ಕಾರ. ಬಿಎಸ್6 ಗಾಡಿಯಲ್ಲಿ ಇನ್ನೊಂದು ನೋಡಿ: ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಜಾಸ್ತಿ ಇದೆಯೇ? ಮೂಗಿಗೆ ಡೀಸೆಲ್ ವಾಸನೆ ಬರುತ್ತದೆಯೇ? ರೀಜನರೇಷನ್ ಅರ್ಧಕ್ಕೇ ನಿಂತು ನಿಂತು ಡೀಸೆಲ್ ಆಯಿಲ್ಲಿಗೆ ಇಳಿದಿದೆ ಎಂದರ್ಥ. ಆಯಿಲ್ ಜಾಸ್ತಿ ಇದ್ದರೆ ಒಳ್ಳೆಯದು ಎಂದು ತಿಳಿಯುವುದು ತಪ್ಪು.

ರೇಡಿಯೇಟರ್ ಮುಚ್ಚಳ ತೆಗೆಯಿರಿ. ಇಂಜಿನ್ ತಣ್ಣಗಿದ್ದಾಗ ಮಾತ್ರ, ಬಿಸಿ ಇದ್ದಾಗ ತೆಗೆದರೆ ಮುಖ ಸುಡುತ್ತದೆ. ಹಸಿರೋ ಕೆಂಪೋ ಬಣ್ಣದ ಕೂಲೆಂಟ್ ಇರಬೇಕು. ನಮ್ಮ ಕಡೆ ಬೋರಿನ ನೀರನ್ನೇ ಹಾಕಿ ಓಡಿಸುವವರು ಬಹಳ. ಗದಗ ಕಡೆಯ ಸವಳು ನೀರು ಪಾತ್ರೆಗೆ ಬಿಳಿ ಪದರ ಕಟ್ಟುವ ಹಾಗೆ ಇಂಜಿನ್ನಿನೊಳಗೂ ಕಟ್ಟುತ್ತದೆ. ಬೆರಳಿಟ್ಟಾಗ ತುಕ್ಕಿನ ಕೆಸರು ಅಂಟಿದರೆ ಘಟ್ಟದಲ್ಲಿ ಗಾಡಿ ಕಾಯುವುದು ಖಂಡಿತ.

ಮೂರನೆಯದು, ಇಂಜಿನ್ ಕೆಳಗೆ ನೆಲ ನೋಡಿ. ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಕಲೆ ಇರಬಾರದು.

ಈಗ ಚಾಲೂ ಮಾಡಿಸಿ. ಹಳೆಯ ಪಂಪ್ ಗಾಡಿಗೆ ಹೀಟರ್ ಪ್ಲಗ್ ಕಾಯಲು ಕೆಲವು ಸೆಕೆಂಡ್ ಬೇಕು, ಸುರುಳಿಯ ದೀಪ ಆರುವವರೆಗೆ ಕಾಯಿರಿ. ನೀವು ಹಿಂದೆ ಸೈಲೆನ್ಸರ್ ಹತ್ತಿರ ನಿಲ್ಲಿ. ಹೊಗೆಯ ಭಾಷೆ ಹೀಗಿದೆ:

ಕಪ್ಪು ಹೊಗೆ: ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್, ನಾಝಲ್, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಭಾಗ) ನೋಡಿಸಿ. ಹಲವು ಸಲ ಸಣ್ಣ ಖರ್ಚಿನಲ್ಲೇ ಮುಗಿಯುತ್ತದೆ.

ನೀಲಿ ಹೊಗೆ: ಇಂಜಿನ್ ಆಯಿಲ್ ಸುಡುತ್ತಿದೆ. ದೊಡ್ಡ ಖರ್ಚು.

ಬಿಳಿ ಹೊಗೆ: ಚಳಿಯಲ್ಲಿ ಒಂದು ನಿಮಿಷ ಬಂದು ನಿಂತರೆ ಅಡ್ಡಿಯಿಲ್ಲ. ನಿಲ್ಲದಿದ್ದರೆ, ಕಣ್ಣು ಉರಿದರೆ ಡೀಸೆಲ್ ಸರಿಯಾಗಿ ಸುಡುತ್ತಿಲ್ಲ. ಕೂಲೆಂಟಿನ ಸಿಹಿ ವಾಸನೆ ಬಂದರೆ ಹೆಡ್ ಗ್ಯಾಸ್ಕೆಟ್.

ಇಂಜಿನ್ ಕಾದ ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲ ಮಾಡಿ ಮೇಲೆ ಸುಮ್ನೆ ಇಡಿ. ಮೆಲ್ಲಗೆ ಅಲುಗಾಡಿದರೆ ಸರಿ. ಕುಣಿದು ಹಾರಿಬಿದ್ದರೆ, ಸಣ್ಣ ಹೊಗೆ ಉಸಿರಿನಂತೆ ಬಿಟ್ಟು ಬಿಟ್ಟು ಬಂದರೆ "ಬ್ಯಾಕ್ ಕಂಪ್ರೆಷನ್" ಇದೆ. ಪಿಸ್ಟನ್ ರಿಂಗು, ಬೋರು ಸವೆದು ಗಾಳಿ ಕೆಳಗೆ ಸೋರುತ್ತಿದೆ. ಫಿಟರ್ ಬಾಯಲ್ಲಿ "ಇಂಜಿನ್ ಬೋರಿಗೆ ಬಂದೈತಿ" ಎಂಬ ಮಾತು ಕೇಳಿದರೆ ಅದು ಇದೇ.

7. ಏರು ರಸ್ತೆಯಲ್ಲಿ ಓಡಿಸಿ ನೋಡಿ

ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿದರೆ ಏನೂ ತಿಳಿಯುವುದಿಲ್ಲ. ನೀರಿನ ಟ್ಯಾಂಕ್ ತುಂಬಿಸಿ, ಮೂರು-ನಾಲ್ಕು ಜನ ಕೂತು ಹೊರಡಿ. ಹುಬ್ಬಳ್ಳಿಯವರಿಗೆ ಉಣಕಲ್ಲಿನ ನೃಪತುಂಗ ಬೆಟ್ಟದ ಏರು ಹತ್ತಿರ. ಗದಗದವರು ಕಪ್ಪತಗುಡ್ಡದ ಕಡೆ ಹೋಗಿ. ಮಾರುವವರು ಒಪ್ಪಿದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಹತ್ತಿ ಬರುವುದೇ ನಿಜವಾದ ಪರೀಕ್ಷೆ.

ಏರಿನಲ್ಲಿ ಮೂರು ಗಮನಿಸಿ. ಟೆಂಪರೇಚರ್ ಮುಳ್ಳು ಮಧ್ಯ ದಾಟಿ ಏರುತ್ತಿದೆಯೇ? ಎಕ್ಸಲೇಟರ್ ಒತ್ತಿದಾಗ ಇಂಜಿನ್ ಸದ್ದು ಏರಿ ಗಾಡಿ ಏರದೆ ಹೋದರೆ ಕ್ಲಚ್ ಜಾರುತ್ತಿದೆ. ಕಾಮನ್ ರೈಲ್ ಗಾಡಿ ಒಮ್ಮೆಗೆ ಶಕ್ತಿ ಕಳೆದುಕೊಂಡು ತೆವಳಲು ಶುರುಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹತ್ತಿದರೆ ಅದು ಲಿಂಪ್ ಮೋಡ್. ಏನೋ ದೋಷ ಕಂಡು ಕಂಪ್ಯೂಟರ್ ತಾನೇ ಶಕ್ತಿ ಇಳಿಸಿದೆ. "ಬ್ಯಾಟರಿ ವೈರ್ ತೆಗೆದು ಹಾಕಿದರೆ ಸರಿಹೋಗುತ್ತೆ" ಎನ್ನುವವರು ದೀಪ ಆರಿಸುತ್ತಾರೆ, ದೋಷ ಆರುವುದಿಲ್ಲ.

ಇಳಿಜಾರಿನಲ್ಲಿ ಮೂರನೇ ಗೇರಿಗೆ ಹಾಕಿ ಕಾಲು ತೆಗೆಯಿರಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಬಾರದು.

ಬಂದು ನಿಲ್ಲಿಸಿದ ಮೇಲೆ ಟರ್ಬೊ ಇರುವ ಇಂಜಿನ್ನನ್ನು ಕೂಡಲೇ ಆರಿಸದೆ ಒಂದೆರಡು ನಿಮಿಷ ಬಿಡಿ. ಮಾರುವವರು ಹಾಗೆ ಮಾಡುತ್ತಾರೋ, ಬಂದವರೇ ಕೀಲಿ ತಿರುಗಿಸುತ್ತಾರೋ ನೋಡಿ. ಗಾಡಿಯನ್ನು ಅವರು ಹೇಗೆ ಬಾಳಿಸಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ.

8. ಕಾಟಾದ ಮೇಲೆ ಹತ್ತಿಸಿ

ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಕಡೆ ಹೋಗಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಲಾರಿ ತೂಗುವ ಕಾಟಾಗೆ ಹೋಗಿ, ಎಲ್ಲಾದರೂ ಸರಿ. ಸ್ವಲ್ಪ ಹಣದಲ್ಲಿ ಚೀಟಿ ಕೊಡುತ್ತಾರೆ. ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ ಕಾಟಾದ ಮೇಲಿರುವಂತೆ ನಿಲ್ಲಿಸಿ ಇನ್ನೊಂದು ಚೀಟಿ.

ಉದಾಹರಣೆಗೆ ಆರ್‌ಸಿಯಲ್ಲಿ ಜಿವಿಡಬ್ಲ್ಯೂ 4,000 ಕೆಜಿ ಇದೆ, ಖಾಲಿ ಕ್ಯಾಂಪರ್ 3,700 ತೂಗಿತು ಎಂದುಕೊಳ್ಳಿ. ಉಳಿದದ್ದು 300. ನಾಲ್ಕು ಜನ 260 ಕೆಜಿ, ನೂರು ಲೀಟರ್ ನೀರು 100 ಕೆಜಿ. ಒಂದು ಬ್ಯಾಗೂ ಇಡುವ ಮೊದಲೇ ಮಿತಿ ದಾಟಿತು! ಕ್ಯಾಂಪರ್ ಕಟ್ಟುವಾಗ ದಪ್ಪ ಪ್ಲೈವುಡ್ ಬಳಸಿದರೆ, 150 ಆಂಪಿಯರ್-ಅವರ್ ಟ್ಯೂಬುಲಾರ್ ಬ್ಯಾಟರಿ ಎರಡು ಇಟ್ಟರೆ ಹೀಗೇ ಆಗುತ್ತದೆ. ಅಂಥ ಗಾಡಿಯಲ್ಲಿ ಎಷ್ಟು ಒಳ್ಳೆಯ ಇಂಜಿನ್ ಇದ್ದರೂ ಸೋಲುತ್ತದೆ. ಕ್ಲಚ್ ಸುಡುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆ.

9. ಸ್ಕ್ಯಾನರ್, ಕಂಪ್ರೆಷನ್

ಕಾಮನ್ ರೈಲ್ ಗಾಡಿಗೆ ಸ್ಕ್ಯಾನರ್, ಅಂದರೆ ಇಂಜಿನ್ನಿನ ಕಂಪ್ಯೂಟರ್ ಓದುವ ಸಾಧನ, ಹಾಕಿಸದೆ ಹಣ ಕೊಡಬೇಡಿ. ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ದೋಷಗಳ ಪಟ್ಟಿ, ರೈಲ್ ಒತ್ತಡ, ಪ್ರತಿ ಇಂಜೆಕ್ಟರಿನ ತಿದ್ದುಪಡಿ ಅಂಕಿ (ಅದರ ಡೀಸೆಲನ್ನು ಕಂಪ್ಯೂಟರ್ ಎಷ್ಟು ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತಿದೆ ಎನ್ನುವುದು), ಬಿಎಸ್6 ಆದರೆ ಡಿಪಿಎಫ್ ಎಷ್ಟು ತುಂಬಿದೆ, ಇವನ್ನು ಕೇಳಿ ಬರೆದುಕೊಳ್ಳಿ. ಪಟ್ಟಿ ಪೂರ್ತಿ ಖಾಲಿಯಾಗಿದ್ದು, ಅದೇ ಬೆಳಿಗ್ಗೆ ಅಳಿಸಿದ ಹಾಗೆ ಕಂಡರೆ ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಹಾಕಿಸಿ.

ಬಿಎಸ್6 ಗಾಡಿಯ ಡಿಪಿಎಫ್ ಒಳಗಿನದನ್ನು ಕಿತ್ತು ಖಾಲಿ ಡಬ್ಬಿ ಬಿಟ್ಟಿರುವುದೂ ಉಂಟು. ಸೈಲೆನ್ಸರ್ ತುದಿಯ ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸಿ. ಜರಡಿ ಸರಿಯಿದ್ದರೆ ಮಸಿ ಹತ್ತುವುದು ತೀರಾ ಕಡಿಮೆ. ಬಟ್ಟೆ ಕಡುಗಪ್ಪಾದರೆ ಜರಡಿ ಒಡೆದಿದೆ ಅಥವಾ ಇಲ್ಲವೇ ಇಲ್ಲ. ಅದು ಕಾನೂನಿಗೂ ವಿರುದ್ಧ, ಮತ್ತೆ ಹಾಕಿಸುವ ಖರ್ಚೂ ದೊಡ್ಡದು.

ಪಂಪ್ ಗಾಡಿಗೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಸಿ. ನಾಲ್ಕು ಸಿಲಿಂಡರ್ ಅಂಕಿಗಳ ನಡುವೆ ಶೇ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

10. ಬೆಲೆ ಮಾತಾಡಿ, ಕಾಗದ ಮುಗಿಸಿ

ಕಂಡ ದೋಷಗಳನ್ನೆಲ್ಲ ಬರೆದು, ಫಿಟರ್ ಹತ್ತಿರ ಒಂದೊಂದಕ್ಕೂ ಖರ್ಚು ಹಾಕಿಸಿ. ಆ ಚೀಟಿಯನ್ನು ಮುಂದಿಟ್ಟು ಮಾತಾಡಿ. ಬಾಯಿಮಾತಿನ ಚೌಕಾಸಿಗಿಂತ ಇದಕ್ಕೆ ಬೆಲೆ ಜಾಸ್ತಿ. ನೀಲಿ ಹೊಗೆ, ಬ್ಯಾಕ್ ಕಂಪ್ರೆಷನ್, ತಾಳೆಯಾಗದ ಇಂಜಿನ್ ನಂಬರ್, ಇವಕ್ಕೆ ಮಾತ್ರ ಚೌಕಾಸಿಯೇ ಬೇಡ. ಎದ್ದು ಬನ್ನಿ.

ಗಾಡಿ ನಿಮ್ಮ ಹೆಸರಿಗೆ ಆಗಲು ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಸಾಲ ಇದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ಮಹಾರಾಷ್ಟ್ರ, ಗೋವಾ ಗಾಡಿಯಾದರೆ ಅಲ್ಲಿನ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಬೇರೆ. ತೆರಿಗೆಯನ್ನು ಮೊದಲೇ ಲೆಕ್ಕ ಹಾಕಿಸಿ, ಎಷ್ಟೋ ಜನ ಇಲ್ಲೇ ಎಡವಿದ್ದಾರೆ. ಬಾಕಿ ದಂಡ ಇದೆಯೇ ಎಂದು ಇ-ಚಲನ್ ನೋಡಿ. ವಿಮೆ ನಿಮ್ಮ ಹೆಸರಿಗೆ ಆಗುವಾಗ ಒಳಗಿನ ಬ್ಯಾಟರಿ, ಇನ್ವರ್ಟರ್, ಗ್ಯಾಸ್ ಒಲೆ ಎಲ್ಲವನ್ನೂ ಬರೆಸಿ.

ಮನೆಗೆ ತಂದ ಮೊದಲ ವಾರದಲ್ಲೇ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್ ಬದಲಿಸಿ, ದಿನಾಂಕ ಮತ್ತು ಕಿಲೋಮೀಟರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ಒಂದು ಗಾಜಿನ ಲೋಟ ಹಿಡಿದು ಬಿಚ್ಚಿ ನೋಡಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಟ್ಯಾಂಕ್ ಇಳಿಸಿ ತೊಳೆಸಬೇಕು. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ಒಳಗಿನ ಗಾಳಿಯ ತೇವವೇ ನೀರಾಗಿ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಬರೀ ಚಾಲೂ ಮಾಡಿ ಆರಿಸಬೇಡಿ. ಹೊರಗೆ ತೆಗೆದು ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ತನ್ನಿ.